ಮಗುವಿಗೆ ಶೌಚ ಕಲಿಸುವ ಹೊತ್ತು ಯಾವುದು?

ಕಲಬುರಗಿ ಸೀಮೆಯ ಮನೆಗಳಲ್ಲಿ ಈ ಪ್ರಶ್ನೆ ಎತ್ತಿದರೆ ಎರಡು ಉತ್ತರ ಒಟ್ಟಿಗೇ ಬರುತ್ತವೆ. ‘ಕುತ್ತಿಗೆ ನಿಂತ ಮೇಲೆ ಕಾಲ ಮೇಲೆ ಕೂಡಿಸುವುದೇ, ಅದರಲ್ಲಿ ಕೇಳುವುದೇನಿದೆ’ ಎನ್ನುತ್ತಾರೆ ಅಜ್ಜಿ. ‘ಡೈಪರ್ ಇದೆಯಲ್ಲ, ಅಂಗನವಾಡಿಗೆ ಹೋಗುವ ಹೊತ್ತಿಗೆ ತಾನೇ ಕಲಿಯುತ್ತದೆ’ ಎನ್ನುತ್ತಾಳೆ ತಾಯಿ. ಇದರ ನಡುವೆ ನೆರೆಮನೆಯ ಮಗು ಒಂದೂವರೆ ವರ್ಷಕ್ಕೇ ಹೇಳಿ ಹೋಗುತ್ತದೆ ಎಂಬ ಸುದ್ದಿ ಬಂದರೆ ತಾಯಿಯ ಮೇಲೆ ಒತ್ತಡ ಬೀಳುತ್ತದೆ. ಅವಳ ಮೇಲೆ ಬಿದ್ದ ಒತ್ತಡ ಮಗುವಿನ ಮೇಲೆ ಇಳಿಯುತ್ತದೆ. ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮಕ್ಕಳು ಒಂದೂವರೆ ವರ್ಷದಿಂದ ಮೂರು ವರ್ಷದ ನಡುವೆ ಕಲಿಯಲು ಸಿದ್ಧರಾಗುತ್ತಾರೆ. ಹಗಲಿನ ಹತೋಟಿ ಬಹುಪಾಲು ಮಕ್ಕಳಿಗೆ ಎರಡು-ಮೂರು ವರ್ಷದ ನಡುವೆ ಬರುತ್ತದೆ. ರಾತ್ರಿಯ ಹತೋಟಿ ಇನ್ನೂ ತಡ, ಐದು ವರ್ಷದವರೆಗೂ ಬಾರದಿದ್ದರೆ ಅದು ರೋಗವಲ್ಲ. ಶುರು ಮಾಡುವ ದಿನವನ್ನು ಗೊತ್ತು ಮಾಡಬೇಕಾದದ್ದು ಮಗುವಿನ ಮೈ. ಆ ದಿನ ಬಂದಾಗ ಭಯವಿಲ್ಲದ ಜಾಗ, ಗಟ್ಟಿಯಾಗದ ಹೊಟ್ಟೆ, ಬೈಯದ ಬಾಯಿ ಈ ಮೂರನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ದೊಡ್ಡವರ ಕೆಲಸ.

ಅಜ್ಜಿಯ ರೂಢಿ, ಮಗುವಿನ ಹತೋಟಿ

ಕಾಲು ಚಾಚಿ ಕುಳಿತು, ಎರಡು ಪಾದಗಳ ಮೇಲೆ ಕೂಸನ್ನು ಕೂಡಿಸಿ ‘ಶ್‌ಶ್’ ಎಂದು ಸದ್ದು ಮಾಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಅದು ಕೆಲಸವನ್ನೂ ಮಾಡುತ್ತದೆ. ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕೂಸು ಮೂತ್ರ ಮಾಡುತ್ತದೆ ಎಂಬ ಲೆಕ್ಕ ಅಜ್ಜಿಗೆ ಗೊತ್ತು. ಆ ಹೊತ್ತಿಗೆ ಕೂಡಿಸುತ್ತಾರೆ, ಸದ್ದಿನ ಜೊತೆ ರೂಢಿ ಬೆಳೆಯುತ್ತದೆ, ಬಟ್ಟೆ ಉಳಿಯುತ್ತದೆ. ನಿಮ್ಮ ಮನೆಯಲ್ಲಿ ಇದು ನಡೆಯುತ್ತಿದ್ದರೆ ನಿಲ್ಲಿಸುವ ಕಾರಣವೇ ಇಲ್ಲ.

ಆದರೆ ಇಲ್ಲಿ ಹೊತ್ತು ಹಿಡಿಯುತ್ತಿರುವುದು ದೊಡ್ಡವರು. ಮೂತ್ರಚೀಲ ತುಂಬಿದ್ದು ಮಗುವಿಗೇ ತಿಳಿಯಬೇಕು, ಬಚ್ಚಲು ಮುಟ್ಟುವವರೆಗೆ ತಡೆಯಬೇಕು, ಅಲ್ಲಿ ಕುಳಿತು ಬೇಕೆಂದೇ ಬಿಡಬೇಕು. ಇದಕ್ಕೆ ಬೇಕಾದ ನರ-ಸ್ನಾಯುಗಳ ಬೆಳವಣಿಗೆ ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ವರ್ಷದ ಆಸುಪಾಸಿನಲ್ಲಿ ಆಗುತ್ತದೆ. ಹತ್ತು ತಿಂಗಳಿಗೆ ಕಾಲ ಮೇಲೆ ಚೆನ್ನಾಗಿ ಕೂಡುತ್ತಿದ್ದ ಮಗು ನಡೆಯಲು ಕಲಿತ ಮೇಲೆ ‘ಕೆಟ್ಟುಹೋಯಿತು’ ಎಂದು ಎಷ್ಟೋ ಮನೆಗಳಲ್ಲಿ ಬೇಸರಪಡುತ್ತಾರೆ. ಅದು ಕೆಟ್ಟಿಲ್ಲ. ಈಗ ಅದರ ಕೈಯಲ್ಲಿ ಆಟವಿದೆ, ತನ್ನದೇ ಇಷ್ಟಾನಿಷ್ಟವಿದೆ, ಸ್ವಂತ ಹತೋಟಿ ಇನ್ನೂ ಬರಬೇಕಿದೆ. ಮಗುವಿನ ಸಿದ್ಧತೆ ನೋಡಿ ಕಲಿಸಬೇಕು ಎಂಬ ಮಾತನ್ನು ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೆಜೆಲ್ಟನ್ 1962ರಲ್ಲಿ, 1,170 ಮಕ್ಕಳನ್ನು ಗಮನಿಸಿದ ಆಧಾರದ ಮೇಲೆ ಮುಂದಿಟ್ಟರು. ಇಂದಿನ ಮಕ್ಕಳ ವೈದ್ಯರ ಸಲಹೆ ಬಹುಮಟ್ಟಿಗೆ ಅದೇ ದಾರಿಯಲ್ಲಿದೆ.

ಮೊದಲ ಹೆಜ್ಜೆ: ಒಂದು ವಾರ ಸುಮ್ಮನೆ ಗಮನಿಸಿ

ಏನನ್ನೂ ಕಲಿಸುವ ಮೊದಲು ಮಗುವನ್ನು ನೋಡಿ. ಎರಡು ಗಂಟೆಯಾದರೂ ಚಡ್ಡಿ ಒಣಗಿರುತ್ತದೆಯೇ? ಮಧ್ಯಾಹ್ನದ ನಿದ್ದೆಯಿಂದ ಒಣಗಿಯೇ ಏಳುತ್ತದೆಯೇ? ಮಲ ಬರುವಾಗ ಬಾಗಿಲ ಹಿಂದೆಯೋ ಮಂಚದ ಮಗ್ಗುಲಿಗೋ ಹೋಗಿ ಮುಖ ಬಿಗಿಹಿಡಿದು ನಿಲ್ಲುತ್ತದೆಯೇ? ಒದ್ದೆಯಾದರೆ ಬಟ್ಟೆ ಎಳೆದು ತೋರಿಸುತ್ತದೆಯೇ? ತಾನೇ ಕುಕ್ಕರಗಾಲಿನಲ್ಲಿ ಕುಳಿತು ಏಳಬಲ್ಲದೇ, ಚಡ್ಡಿ ಜಗ್ಗಿ ಇಳಿಸಬಲ್ಲದೇ? ‘ಚೆಂಡು ತಂದು ಅಜ್ಜನಿಗೆ ಕೊಡು’ ಎಂದರೆ ಅರ್ಥವಾಗುತ್ತದೆಯೇ?

ಇವೆಲ್ಲ ಒಟ್ಟಿಗೇ ಇರಬೇಕೆಂದಿಲ್ಲ. ಬಹುಪಾಲು ಇದ್ದರೆ ಹೊತ್ತು ಬಂದಿದೆ. ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಮೂಲೆಗೆ ಹೋಗಿ ನಿಲ್ಲುವುದನ್ನು ಆರಿಸುತ್ತೇನೆ. ಬರುತ್ತಿದೆ ಎಂಬುದು ಬರುವ ಮೊದಲೇ ಮಗುವಿಗೆ ತಿಳಿದಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತು ಇಲ್ಲ.

ಸದಾ ಡೈಪರ್‌ನಲ್ಲಿರುವ ಮಗುವಿನಲ್ಲಿ ಈ ಲಕ್ಷಣಗಳು ಕಾಣಿಸುವುದೇ ಕಷ್ಟ, ಏಕೆಂದರೆ ಒದ್ದೆಯ ಅರಿವೇ ಅದಕ್ಕೆ ಆಗುವುದಿಲ್ಲ. ಆ ವಾರ ಹಗಲಿನಲ್ಲಿ ಕೆಲವು ಗಂಟೆ ಹತ್ತಿಯ ಚಡ್ಡಿಯನ್ನೋ ಲಂಗೋಟಿಯನ್ನೋ ಹಾಕಿ ಬಿಡಿ. ನಮ್ಮ ಬಿಸಿಲಿನಲ್ಲಿ ಮಗುವಿನ ಚರ್ಮಕ್ಕೂ ಅದು ಹಿತ. ಮೇ ತಿಂಗಳ 42-43 ಡಿಗ್ರಿ ಸೆಕೆಯಲ್ಲಿ ದಿನವಿಡೀ ಡೈಪರ್ ಕಟ್ಟಿದರೆ ತೊಡೆಯ ಸಂದಿಯೆಲ್ಲ ಕೆಂಪಾಗಿ ಬೆವರುಗುಳ್ಳೆ ಏಳುತ್ತದೆ.

ಶುರು ಮಾಡಬಾರದ ದಿನಗಳು

ಮನೆಗೆ ಎರಡನೇ ಕೂಸು ಬರುವ ತಿಂಗಳು, ತಾಯಿ ಬಾಣಂತನಕ್ಕೆ ತವರಿಗೆ ಹೊರಟ ವಾರ, ಮಗುವಿಗೆ ಜ್ವರ-ಭೇದಿ ಬಂದು ಹೋದ ದಿನಗಳು, ಮದುವೆ, ಜಾತ್ರೆ, ಮನೆ ಬದಲಾವಣೆ ಇದ್ದಾಗ ಕೈ ಹಚ್ಚಬೇಡಿ. ಹೊಲದ ಮನೆಗಳಿಗೆ ತೊಗರಿ ರಾಶಿಯ ಹಂಗಾಮು, ಯಾದಗಿರಿ ಕಡೆ ಹತ್ತಿ ಬಿಡಿಸುವ ದಿನಗಳು ಕೂಡ ಇದೇ ಪಟ್ಟಿಗೆ ಸೇರುತ್ತವೆ. ಬೆಳಗಾದರೆ ಹೊಲಕ್ಕೆ ಓಡುವ ತಾಯಿಗೆ ಮಗುವಿನ ಹಿಂದೆ ನಿಲ್ಲುವ ಪುರಸತ್ತು ಎಲ್ಲಿಂದ ಬರಬೇಕು? ದುಡಿಮೆಗೆ ಬೆಂಗಳೂರು, ಹೈದರಾಬಾದ್, ಪುಣೆಗೆ ಹೊರಡುವ ಕುಟುಂಬಗಳು ಊರು ಮುಟ್ಟಿ, ಬಿಡಾರ ಹೂಡಿ, ಮಗು ಹೊಸ ಜಾಗಕ್ಕೆ ಹೊಂದಿಕೊಂಡ ಮೇಲೆಯೇ ಆರಂಭಿಸುವುದು ಒಳ್ಳೆಯದು.

ಹಂಗಾಮನ್ನು ಆರಿಸಿಕೊಳ್ಳುವ ಅವಕಾಶ ಇದ್ದರೆ ಫೆಬ್ರುವರಿ-ಮಾರ್ಚ್ ತಿಂಗಳನ್ನು ನಾನು ಸೂಚಿಸುತ್ತೇನೆ. ಡಿಸೆಂಬರ್‌ನಲ್ಲಿ, ಅದರಲ್ಲೂ ಬೀದರಿನ ಚಳಿಯಲ್ಲಿ, ಬೆಳಗ್ಗೆ ತಣ್ಣಗಿನ ನೆಲದ ಮೇಲೆ ಬರಿಮೈಯಲ್ಲಿ ಕೂಡಲು ಯಾವ ಮಗುವೂ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಏಪ್ರಿಲ್ ದಾಟಿದರೆ ನೀರಿನ ತೊಂದರೆ. ಯುಗಾದಿಯ ಆಚೀಚೆ ಬಟ್ಟೆ ಬೇಗ ಒಣಗುತ್ತದೆ, ನೀರು ಇನ್ನೂ ಇರುತ್ತದೆ. ಆದರೆ ಮಗು ಆಗಸ್ಟ್‌ನಲ್ಲೇ ಲಕ್ಷಣ ತೋರಿಸಿದರೆ ಆಗಸ್ಟ್‌ನಲ್ಲೇ ಆರಂಭಿಸಿ. ಹಂಗಾಮು ನಂತರದ ಮಾತು.

ಎರಡನೇ ಹೆಜ್ಜೆ: ಜಾಗವನ್ನು ಮಗುವಿಗೆ ಒಗ್ಗಿಸಿ

ಶೌಚ ಕಲಿಸುವುದು ಕಷ್ಟವಾಯಿತು ಎನ್ನುವ ಎಷ್ಟೋ ಮನೆಗಳಲ್ಲಿ ತೊಡಕಿರುವುದು ಜಾಗದಲ್ಲಿ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆಯಲ್ಲಿ 12,000 ರೂಪಾಯಿ ಸಹಾಯಧನ ಪಡೆದು ಹಳ್ಳಿಹಳ್ಳಿಯಲ್ಲಿ ಶೌಚಾಲಯ ಕಟ್ಟಿಕೊಂಡೆವು. ಅವು ದೊಡ್ಡವರ ಅಳತೆಯವು. ಎರಡು ವರ್ಷದ ಮಗುವಿನ ಕಣ್ಣಿನಿಂದ ಒಮ್ಮೆ ನೋಡಿ: ಹಿತ್ತಲಿನ ಮೂಲೆಯ ಇಕ್ಕಟ್ಟು ಕೋಣೆ, ದೀಪವಿಲ್ಲ, ಮೂಲೆಯಲ್ಲಿ ಕುಳ್ಳು-ಕಟ್ಟಿಗೆ, ಮೆಟ್ಟುವ ಜಾಗ ಎರಡೂ ಕಾಲು ಎಟುಕದಷ್ಟು ದೂರ, ನಡುವೆ ಕತ್ತಲೆಯ ಕುಳಿ. ಬಿದ್ದುಬಿಡುತ್ತೇನೆ ಎಂದು ಮಗು ಅಳುವುದು ಹಟವಲ್ಲ.

ಆದ್ದರಿಂದ ಮೊದಲ ಕೆಲವು ತಿಂಗಳು ದೊಡ್ಡವರ ಗುಂಡಿಯ ಮೇಲೆ ಕೂಡಿಸಬೇಡಿ. ಅಗಲ ತಳದ ಪ್ಲಾಸ್ಟಿಕ್ ಪಾಟಿಯೊಂದನ್ನು, ಅಂದರೆ ಮಗು ಕುಳಿತು ಶೌಚ ಮಾಡುವ ಪುಟ್ಟ ಪೀಠವನ್ನು, ತನ್ನಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲೂ, ತಾಲ್ಲೂಕು ಊರುಗಳ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ಹಾಡು, ದೀಪ ಇರುವ ದುಬಾರಿ ಮಾದರಿ ಬೇಡ. ಕುಳಿತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಕಬೇಕು, ಅಲುಗಾಡಬಾರದು, ಅಷ್ಟೇ. ಪಾದ ಊರಿದರೆ ಮಾತ್ರ ಹೊಟ್ಟೆಗೆ ಒತ್ತು ಕೊಡಲು ಬರುತ್ತದೆ. ಪಾಟಿ ಕೊಳ್ಳಲಾಗದಿದ್ದರೆ ಹಳೆಯ ರೀತಿಯಲ್ಲೇ ನಿಮ್ಮ ಪಾದಗಳ ಮೇಲೆ ಕೂಡಿಸಿಕೊಂಡು, ಶೌಚಾಲಯದ ಹತ್ತಿರವೇ ಕುಳಿತುಕೊಳ್ಳಿ. ಪಾಶ್ಚಾತ್ಯ ಕಮೋಡ್ ಇರುವ ಮನೆಗಳಲ್ಲಿ ಮಕ್ಕಳ ಚಿಕ್ಕ ಆಸನವನ್ನು ಮೇಲಿಟ್ಟು, ಕಾಲಿಗೆ ಗಟ್ಟಿಯಾದ ಮಣೆ ಕೊಡಿ. ಕಾಲು ಜೋತುಬಿಟ್ಟ ಮಗು ಮುಕ್ಕಲಾರದು.

ನಮ್ಮ ಕಡೆ ಹೆಚ್ಚಿನ ಬಚ್ಚಲುಗಳಿಗೆ ಹಾಸಿರುವುದು ಶಹಾಬಾದಿನ ಫರಸಿ ಕಲ್ಲು. ತೊಳೆಯಲು ಸುಲಭ, ಆದರೆ ಒದ್ದೆಯಾದರೆ ವಿಪರೀತ ಜಾರುತ್ತದೆ. ರಬ್ಬರ್ ಚಾಪೆ ಹಾಸಿ. ಇದಕ್ಕಿಂತ ದೊಡ್ಡ ಅಪಾಯ ನೀರಿನದು. ನಳದ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಬಚ್ಚಲ ತುಂಬ ಬಕೆಟ್ಟು, ಡ್ರಮ್ಮು, ತೊಟ್ಟಿ. ಎರಡು ವರ್ಷದ ಮಗುವಿಗೆ ತಲೆಯೇ ಭಾರ; ಅರ್ಧ ಬಕೆಟ್ ನೀರಿಗೆ ಬಗ್ಗಿ ಬಿದ್ದರೂ ಮೇಲೇಳಲಾರದು. ಮುಚ್ಚಳ ಹಾಕಿ, ಮತ್ತು ಮಗು ಪಾಟಿಯ ಮೇಲಿರುವಷ್ಟು ಹೊತ್ತು ಅಲ್ಲೇ ಇರಿ. ಒಲೆಯ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ.

ಮೂರನೇ ಹೆಜ್ಜೆ: ಕೂಡಿಸುವುದು

ಮೊದಲ ಕೆಲವು ದಿನ ಪಾಟಿ ಕಣ್ಣಿಗೆ ಬೀಳುವಂತೆ ಇಟ್ಟು, ಬಟ್ಟೆ ಹಾಕಿಕೊಂಡೇ ಮಗು ಅದರ ಮೇಲೆ ಕುಳಿತು ಏಳಲಿ. ಡೈಪರಿನಲ್ಲೋ ಚಡ್ಡಿಯಲ್ಲೋ ಬಂದ ಮಲವನ್ನು ಮಗುವಿನ ಎದುರೇ ಪಾಟಿಗೆ ಹಾಕಿ, ಅಲ್ಲಿಂದ ಶೌಚಾಲಯಕ್ಕೆ ಸುರಿದು ತೋರಿಸಿ. ಮಾತಿಗಿಂತ ಬೇಗ ಇದು ಅರ್ಥವಾಗುತ್ತದೆ. ಅಣ್ಣ, ಅಕ್ಕ ಹೋಗುವುದನ್ನು ಕಂಡ ಮಕ್ಕಳು ಇನ್ನೂ ಬೇಗ ಕಲಿಯುತ್ತಾರೆ.

ಆಮೇಲೆ ಹೊತ್ತು ಹಿಡಿಯಿರಿ. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ತಾನಾಗಿ ಚುರುಕಾಗುತ್ತದೆ. ಹಾಗಾಗಿ ಬೆಳಗಿನ ಸುಸಲವೋ ರೊಟ್ಟಿ-ಹಾಲೋ ತಿಂದ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಕೂಡಿಸುವುದು ಎಲ್ಲಕ್ಕಿಂತ ಫಲಕಾರಿ. ನಿದ್ದೆಯಿಂದ ಎದ್ದಾಗ, ಸ್ನಾನಕ್ಕೆ ಮುನ್ನ, ಹೊರಗೆ ಹೊರಡುವ ಮುನ್ನ, ಮಲಗುವ ಮುನ್ನ ಕೂಡ ಕೂಡಿಸಿ. ಉಳಿದ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ನೆನಪಿಸಿದರೆ ಸಾಕು. ಹತ್ತು ನಿಮಿಷಕ್ಕೊಮ್ಮೆ ‘ಬಂತಾ, ಬಂತಾ’ ಎಂದು ಕೇಳಿದರೆ ಮಗುವಿಗೆ ರೇಗುತ್ತದೆ, ತನ್ನ ಮೈಯ ಸೂಚನೆಗೆ ಕಿವಿಗೊಡುವುದನ್ನು ಬಿಟ್ಟು ನಿಮ್ಮ ಸೂಚನೆಗೆ ಕಾಯುತ್ತದೆ.

ಐದು ನಿಮಿಷ ಕುಳಿತರೆ ಸಾಕು, ಹೆಚ್ಚೆಂದರೆ ಹತ್ತು. ಬಾರದಿದ್ದರೆ ಎಬ್ಬಿಸಿ, ‘ಇನ್ನೊಮ್ಮೆ ನೋಡೋಣ’ ಎನ್ನಿ. ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂಡಿಸುವುದು ಬೇಡವೇ ಬೇಡ. ಮಗು ಅಲ್ಲಿಗೆ ಏಕೆ ಬಂದಿತೆಂಬುದನ್ನೇ ಮರೆಯುತ್ತದೆ.

ಚಡ್ಡಿ ಸಡಿಲವಾದ ಇಲಾಸ್ಟಿಕ್‌ನದಾಗಿರಲಿ. ಗುಂಡಿ, ಬೆಲ್ಟು, ಜಿಪ್ ಇರುವ ಜೀನ್ಸನ್ನು ಈ ತಿಂಗಳುಗಳಲ್ಲಿ ಪೆಟ್ಟಿಗೆಯಲ್ಲೇ ಇಡಿ. ಗಡಿಬಿಡಿಯಲ್ಲಿ ಗಂಡುಮಕ್ಕಳ ಚರ್ಮ ಜಿಪ್ಪಿಗೆ ಸಿಕ್ಕಿಕೊಳ್ಳುವುದೂ ಉಂಟು. ಗಂಡುಮಗು ಮೊದಲು ಕುಳಿತೇ ಮೂತ್ರ ಮಾಡಲಿ, ನಿಲ್ಲುವುದನ್ನು ಮುಂದೆ ಕಲಿಯುತ್ತದೆ. ಹೆಣ್ಣುಮಗುವನ್ನು ತೊಳೆಯುವಾಗ ಮುಂದಿನಿಂದ ಹಿಂದಕ್ಕೇ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ಬಂದರೆ ಮಲದ ಸೂಕ್ಷ್ಮಾಣುಗಳು ಮೂತ್ರದ ದಾರಿಗೆ ಸೇರಿ ಸೋಂಕು ತರುತ್ತವೆ. ತೊಳೆಸುವವರು ಅಮ್ಮ, ಅಜ್ಜಿ, ಅಪ್ಪ ಎಂದು ಇಂಥವರೇ ಎಂಬುದನ್ನೂ, ಬೇರೆ ಯಾರಾದರೂ ಅಲ್ಲಿ ಮುಟ್ಟಿದರೆ ಬಂದು ಹೇಳಬೇಕು ಎಂಬುದನ್ನೂ ಈ ದಿನಗಳಲ್ಲೇ ಮಗುವಿಗೆ ಹೇಳಿಕೊಡಿ.

ಹೇಳುವ ಮಾತು ಮನೆಯಲ್ಲಿ ಒಂದೇ ಇರಲಿ. ಆಳಂದ ಕಡೆ ಮರಾಠಿ, ಸೇಡಂ ಕಡೆ ತೆಲುಗು, ನಗರದಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಇರುವ ಸೀಮೆ ನಮ್ಮದು. ಮನೆಯಲ್ಲಿ ಯಾವ ಮಾತಾದರೂ ಸರಿ, ಆದರೆ ಅಂಗನವಾಡಿ ಕಾರ್ಯಕರ್ತೆಗೂ ಅದನ್ನು ತಿಳಿಸಿಡಿ. ಕೇಳಿದವರಿಗೆ ಅರ್ಥವಾಗದೆ ಚಡ್ಡಿ ಒದ್ದೆಯಾದರೆ ತಪ್ಪು ಮಗುವಿನದಲ್ಲ.

ಬಂದಾಗ ‘ಶಹಭಾಸ್’ ಎನ್ನಿ, ಬೆನ್ನು ತಟ್ಟಿ. ಪ್ರತಿ ಸಲ ಚಾಕೊಲೇಟ್ ಕೊಡುವ ರೂಢಿ ಬೇಡ.

ಹೊಟ್ಟೆ ಗಟ್ಟಿಯಾದರೆ ಎಲ್ಲವೂ ನಿಲ್ಲುತ್ತದೆ

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕಲಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಮತ್ತು ಮನೆಯವರ ಗಮನಕ್ಕೆ ಬಾರದಿರುವುದೂ ಇದೇ.

ಒಂದು ಸಲ ಗಟ್ಟಿ ಮಲ ಬಂದು ನೋವಾಯಿತು ಎನ್ನಿ. ಮುಂದಿನ ಸಲ ಬರುವ ಸೂಚನೆ ಸಿಕ್ಕ ಕೂಡಲೇ ಮಗು ತಡೆಹಿಡಿಯುತ್ತದೆ. ತುದಿಗಾಲಲ್ಲಿ ನಿಲ್ಲುತ್ತದೆ, ಕಾಲು ಕತ್ತರಿ ಹಾಕುತ್ತದೆ, ಪೃಷ್ಠ ಬಿಗಿಹಿಡಿಯುತ್ತದೆ. ನೋಡಿದವರು ಮುಕ್ಕುತ್ತಿದೆ ಎಂದುಕೊಳ್ಳುತ್ತಾರೆ, ಮಗು ಮಾಡುತ್ತಿರುವುದು ಅದರ ವಿರುದ್ಧ. ಒಳಗೇ ಉಳಿದ ಮಲದ ನೀರನ್ನು ಕರುಳು ಹೀರುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ನೋವು ಇನ್ನಷ್ಟು ಹೆಚ್ಚುತ್ತದೆ. ದಿನ ಕಳೆದಂತೆ ಗಟ್ಟಿ ಮಲದ ಪಕ್ಕದಿಂದ ತೆಳುವಾದದ್ದು ತಾನಾಗಿ ಜಿನುಗಿ ಚಡ್ಡಿಗೆ ಹತ್ತುತ್ತದೆ. ಅದನ್ನು ಕೊಳಕುತನ ಎಂದೋ, ಭೇದಿ ಎಂದೋ ತಿಳಿದು ಹೊಡೆಯುವವರೂ ಇದ್ದಾರೆ. ಜಿನುಗಿದ್ದು ಆ ಮಗುವಿಗೆ ಗೊತ್ತೇ ಆಗಿರುವುದಿಲ್ಲ. ತುಂಬಿದ ಕರುಳು ಮೂತ್ರಚೀಲವನ್ನು ಒತ್ತುವುದರಿಂದ ಮೂತ್ರದ ಹತೋಟಿಯೂ ತಪ್ಪುತ್ತದೆ.

ಹಾಗಾಗಿ ಮಲ ಗಟ್ಟಿಯಾಗಿದ್ದರೆ ಮೊದಲು ಹೊಟ್ಟೆ ಸರಿಮಾಡಿ, ಪಾಟಿ ಆಮೇಲೆ. ನಮ್ಮ ಅಡುಗೆಮನೆಯಲ್ಲೇ ಇದಕ್ಕೆ ಬೇಕಾದದ್ದು ಇದೆ. ಜೋಳದ ರೊಟ್ಟಿಯನ್ನು ತೊಗರಿ ಬೇಳೆಯಲ್ಲಿ ಮುರಿದು ಮೆತ್ತಗಾಗುವಂತೆ ನೆನೆಸಿ ಕೊಡಿ. ಪುಂಡಿ ಪಲ್ಯ, ಮೆಂತ್ಯ, ಹೆಸರುಕಾಳಿನ ಪಲ್ಯವನ್ನು ಖಾರ ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಟ್ಟುಕೊಳ್ಳಿ. ಪಪ್ಪಾಯಿ, ಪೇರಲ, ನೆನೆಸಿದ ಒಣದ್ರಾಕ್ಷಿಯನ್ನು ಕಿವುಚಿ ಕೊಡಬಹುದು. ನೀರು ಮಾತ್ರ ಎಲ್ಲಕ್ಕಿಂತ ಮೇಲು. ಬೇಸಿಗೆಯಲ್ಲಿ ಆಟದ ಮಧ್ಯೆ ಕರೆದು ಕರೆದು ಕುಡಿಸಬೇಕು, ತೆಳು ಮಜ್ಜಿಗೆಯನ್ನೂ ಕೊಡಬೇಕು. ಚಡ್ಡಿ ಒದ್ದೆಯಾದೀತು ಎಂದು ನೀರು ಕಡಿಮೆ ಮಾಡುವುದು ಈ ಬಿಸಿಲಿನಲ್ಲಿ ಅಪಾಯಕಾರಿ. ಮೂತ್ರದ ಸೋಂಕಿಗೂ ಮಲಬದ್ಧತೆಗೂ ಅದೇ ದಾರಿ.

ಎರಡು ರೂಢಿಗಳನ್ನು ಬಿಡಬೇಕು. ಹಟ ಮಾಡಿದಾಗಲೆಲ್ಲ ಬಾಟಲಿಯಲ್ಲಿ ಹಾಲು ಕೊಡುವುದು ಒಂದು. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ರೊಟ್ಟಿ-ಪಲ್ಯ ಮುಟ್ಟುವುದಿಲ್ಲ. ಇನ್ನೊಂದು, ಸಂಜೆಯ ಚಹಾ-ಬಿಸ್ಕತ್ತು. ಚಹಾ ಹಸಿವನ್ನು ಕೊಲ್ಲುತ್ತದೆ, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ, ಅದರೊಳಗಿನ ಕೆಫೀನ್ ಮೂತ್ರಕ್ಕೆ ಅವಸರ ತರುತ್ತದೆ. ಬಿಸ್ಕತ್ತಿನ ಮೈದಾದಲ್ಲಿ ನಾರಿಲ್ಲ. ಎರಡು-ಮೂರು ವರ್ಷದ ಮಗುವಿಗೆ ಚಹಾ ಕೊಡುವ ಪದ್ಧತಿಯನ್ನು ಪೂರ್ತಿ ನಿಲ್ಲಿಸಬೇಕು ಎಂದು ಕೈಮುಗಿದು ಕೇಳುತ್ತೇನೆ.

ಸಾಬೂನಿನ ಚೂರನ್ನೋ ಎಣ್ಣೆ ಸವರಿದ ವೀಳ್ಯದೆಲೆಯ ತೊಟ್ಟನ್ನೋ ಗುದದ್ವಾರಕ್ಕೆ ಇಡುವುದು, ಹೊಟ್ಟೆ ತೊಳೆಯಲೆಂದು ಔಡಲೆಣ್ಣೆ ಕುಡಿಸುವುದು ಇನ್ನೂ ನಡೆಯುತ್ತಿದೆ. ಇವುಗಳಿಂದ ಗಾಯವಾಗಬಹುದು, ಭೇದಿ ಹತ್ತಬಹುದು, ಮತ್ತು ನೋವಿಗೆ ಹೆದರಿದ ಮಗು ಇನ್ನಷ್ಟು ಹೆದರುತ್ತದೆ. ಒಂದು ವಾರದ ಆಹಾರ ಬದಲಾವಣೆಗೆ ಹೊಟ್ಟೆ ಜಗ್ಗದಿದ್ದರೆ ಮಕ್ಕಳ ವೈದ್ಯರು ಮಲ ಮೆತ್ತಗೆ ಮಾಡುವ ಔಷಧಿ ಕೊಡುತ್ತಾರೆ. ಅದನ್ನು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಎರಡು ದಿನ ಸಲೀಸಾಗಿ ಹೋಯಿತೆಂದು ನೀವೇ ನಿಲ್ಲಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ.

ಚಡ್ಡಿ ಒದ್ದೆಯಾದಾಗ

ಆಗುತ್ತದೆ, ಹಲವು ಸಲ ಆಗುತ್ತದೆ. ಮುಖ ಸಿಂಡರಿಸದೆ ಬಟ್ಟೆ ಬದಲಿಸಿ, ‘ಮುಂದಿನ ಸಲ ಪಾಟಿಯಲ್ಲಿ ಹೋಗೋಣ’ ಎಂದಷ್ಟೇ ಹೇಳಿ. ಬೈಗುಳ, ಏಟು, ಗುಮ್ಮನ ಹೆದರಿಕೆ, ಬಂಧುಗಳ ಮುಂದೆ ‘ಇವನಿನ್ನೂ ಚಡ್ಡಿಯಲ್ಲೇ’ ಎಂದು ನಗುವುದು ಎಲ್ಲವೂ ಒಂದೇ ಫಲ ಕೊಡುತ್ತವೆ: ಮಗು ತಡೆಹಿಡಿಯಲು ಕಲಿಯುತ್ತದೆ. ತಡೆಹಿಡಿದರೆ ಏನಾಗುತ್ತದೆ ಎಂಬುದನ್ನು ಮೇಲೆ ಹೇಳಿದೆ.

ಎರಡು ವಾರ ಪ್ರಯತ್ನಿಸಿಯೂ ಮಗು ಪಾಟಿ ಕಂಡರೆ ಓಡುತ್ತಿದ್ದರೆ ಒಂದೆರಡು ತಿಂಗಳು ಪೂರ್ತಿ ಬಿಟ್ಟುಬಿಡಿ. ಅತ್ತೆಮನೆಯಲ್ಲಿ ಯಾರಾದರೂ ಮಾತಾಡಿದರೆ, ಅದನ್ನು ತಡೆದು ನಿಲ್ಲಬೇಕಾದವನು ಗಂಡ. ಮಗುವಿನ ಶೌಚ ಹೆಂಗಸರ ಕೆಲಸ ಎಂದು ದೂರ ನಿಲ್ಲುವ ತಂದೆಯರಿಗೆ ಒಂದು ಮಾತು: ಬೆಳಗ್ಗೆ ರೊಟ್ಟಿ ಬಡಿಯುವ ಹೊತ್ತೂ ಮಗುವನ್ನು ಕೂಡಿಸುವ ಹೊತ್ತೂ ಒಂದೇ. ಆ ಹದಿನೈದು ನಿಮಿಷ ನೀವು ಬಚ್ಚಲಿಗೆ ಹೋದರೆ ಅರ್ಧ ತೊಂದರೆ ಕಳೆಯುತ್ತದೆ.

ಮಲವನ್ನು ಎಲ್ಲಿ ಹಾಕುತ್ತೀರಿ?

ಎಳೆಯ ಮಗುವಿನ ಮಲದಿಂದ ದೋಷವಿಲ್ಲ ಎಂಬ ನಂಬಿಕೆಯಿಂದ ಅದನ್ನು ಮನೆ ಮುಂದಿನ ಚರಂಡಿಗೋ ತಿಪ್ಪೆಗೋ ಎಸೆಯುವುದನ್ನು, ಚರಂಡಿಯ ಮೇಲೆಯೇ ಕೂಡಿಸುವುದನ್ನು ಪ್ರತಿ ಓಣಿಯಲ್ಲೂ ನೋಡಬಹುದು. ರೋಗ ಹರಡುವ ಸೂಕ್ಷ್ಮಾಣು, ಹುಳದ ತತ್ತಿ ಮಕ್ಕಳ ಮಲದಲ್ಲೂ ದೊಡ್ಡವರದರಷ್ಟೇ ಇರುತ್ತವೆ. ಭೇದಿ, ಟೈಫಾಯ್ಡ್, ಜಂತುಹುಳ ಎಲ್ಲಕ್ಕೂ ಅದೇ ಮೂಲ, ಮತ್ತು ಆ ಚರಂಡಿಯ ದಂಡೆಯಲ್ಲೇ ಆಡುವುದು ಅದೇ ಮಕ್ಕಳು. ಪಾಟಿಯದಾಗಲಿ ಲಂಗೋಟಿಯದಾಗಲಿ ಶೌಚಾಲಯಕ್ಕೇ ಸುರಿಯಬೇಕು. ಡೈಪರಿನ ಮಲವನ್ನೂ ಅಲ್ಲಿಗೆ ಉದುರಿಸಿ, ಡೈಪರನ್ನು ಸುತ್ತಿ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಿ. ಶೌಚಾಲಯದೊಳಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಹೊಲದಲ್ಲಿದ್ದರೆ ಗುಂಡಿ ತೋಡಿ ಮಣ್ಣು ಮುಚ್ಚಿ.

ತೊಳೆಸಿದ ಕೈಗೆ ಸಾಬೂನು ಬೇಕೇ ಬೇಕು, ಬರಿ ನೀರು ಸಾಲದು. ಅದೇ ಕೈ ಮುಂದೆ ಹಿಟ್ಟು ನಾದಿ ರೊಟ್ಟಿ ಬಡಿಯುತ್ತದೆ. ಮಗುವಿನ ಕೈಯನ್ನೂ ಪ್ರತಿ ಸಲ ತೊಳೆಸಿ. ಶಾಲೆ-ಅಂಗನವಾಡಿಗಳಲ್ಲಿ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಜಂತುಹುಳ ನಿವಾರಣಾ ದಿನ ನಡೆಯುತ್ತದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಅಲ್ಲಿ ಆಲ್ಬೆಂಡಜೋಲ್ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ.

ಮನೆಯ ಹೊರಗೆ

ಅಂಗನವಾಡಿಗೆ ಮೂರು ವರ್ಷಕ್ಕೆ ಸೇರಿಸುವಾಗ ಮೊದಲ ದಿನವೇ ಶೌಚಾಲಯ ಎಲ್ಲಿದೆ ಎಂದು ಮಗುವಿನ ಕೈಹಿಡಿದು ತೋರಿಸಿ, ಚಿಲಕ ಹಾಕಬೇಡ ಎಂದು ಹೇಳಿ, ಒಂದು ಜೊತೆ ಬಟ್ಟೆ ಚೀಲದಲ್ಲಿಡಿ. ಹೊಸ ಜಾಗಕ್ಕೆ ಹೆದರಿ ಮಧ್ಯಾಹ್ನದವರೆಗೂ ತಡೆಹಿಡಿಯುವ ಮಕ್ಕಳು ಬಹಳ. ‘ಡೈಪರ್ ಬಿಟ್ಟಿದ್ದರೆ ಮಾತ್ರ ಪ್ರವೇಶ’ ಎನ್ನುವ ಖಾಸಗಿ ನರ್ಸರಿಗಾಗಿ ಜೂನ್ ತಿಂಗಳ ಗಡುವು ಹಾಕಿಕೊಂಡು ಮಗುವನ್ನು ಹಿಂಡಬೇಡಿ, ಬೇರೆ ಶಾಲೆ ನೋಡಿ. ಗ್ರಾಮ ಪಂಚಾಯಿತಿಯ ಕೂಸಿನ ಮನೆಯಲ್ಲಿ ಮಗುವನ್ನು ಬಿಟ್ಟು ಕೂಲಿಗೆ ಹೋಗುವ ತಾಯಂದಿರು, ಅಲ್ಲಿ ನೋಡಿಕೊಳ್ಳುವವರಿಗೆ ಮನೆಯಲ್ಲಿ ಕೂಡಿಸುವ ಹೊತ್ತನ್ನು ತಿಳಿಸಿದರೆ ಎರಡೂ ಕಡೆ ಒಂದೇ ರೂಢಿ ನಡೆಯುತ್ತದೆ. ಬೆಂಗಳೂರಿನ ರಾತ್ರಿ ಬಸ್ಸಿನಂಥ ದೂರದ ಪಯಣಕ್ಕೆ ಡೈಪರ್ ಹಾಕಿ. ಅದರಿಂದ ಕಲಿತದ್ದು ಹೋಗುವುದಿಲ್ಲ.

ರಾತ್ರಿ

ನಿದ್ದೆಯಲ್ಲಿ ಮೂತ್ರ ತಡೆಯುವುದು ಕಲಿಸಿ ಬರುವ ವಿದ್ಯೆಯಲ್ಲ, ಮೈ ಬೆಳೆದಾಗ ಬರುತ್ತದೆ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ತಂದೆ-ತಾಯಿಗೆ ಚಿಕ್ಕಂದಿನಲ್ಲಿ ಹಾಗಿದ್ದರೆ ಮಗುವಿಗೂ ಇರುವ ಸಂಭವ ಹೆಚ್ಚು. ಮಲಗುವ ಮುನ್ನ ಒಮ್ಮೆ ಕೂಡಿಸಿ, ಹಗಲಿನಲ್ಲಿ ಧಾರಾಳವಾಗಿ ನೀರು ಕುಡಿಸಿ ಮಲಗುವ ಒಂದು ಗಂಟೆಯಿಂದ ಕಡಿಮೆ ಮಾಡಿ. ಹಾಸಿಗೆಯ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಹಳೆಯ ಸೀರೆಯ ತೆಳು ಕೌದಿ ಹಾಕಿದರೆ ಒಗೆಯುವುದು ಸುಲಭ. ಬೆಳಗ್ಗೆ ಅದನ್ನು ಓಣಿಗೆಲ್ಲ ಕಾಣುವಂತೆ ಕಟ್ಟೆಗೆ ಹಾಕಿ ಮಗುವಿಗೆ ನಾಚಿಕೆ ಮಾಡಿಸಬೇಡಿ, ಮಾಳಿಗೆಯ ಮೇಲೆ ಒಣಹಾಕಿ.

ವೈದ್ಯರಿಗೆ ತೋರಿಸಬೇಕಾದಾಗ

ಮೂತ್ರ ಮಾಡುವಾಗ ಅಳು, ಜ್ವರ, ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಗಂಡುಮಗುವಿನ ಮೂತ್ರ ಧಾರೆಯಾಗಿ ಬಾರದೆ ತೊಟ್ಟಿಕ್ಕಿದರೆ, ಯಾವ ಮಗುವಿಗಾದರೂ ಚಡ್ಡಿ ಸದಾ ಹಸಿಯಾಗಿಯೇ ಇದ್ದರೆ ತೋರಿಸಿ. ಸೊಂಟದ ಕೆಳಗೆ ಬೆನ್ನಮೇಲೆ ಕೂದಲ ಗುಚ್ಛ, ಗುಳಿ ಅಥವಾ ಗಡ್ಡೆ ಇದ್ದು ಕಾಲು ಸೋತಂತಿದ್ದರೆ ಅದು ಬೆನ್ನುಹುರಿಯ ತೊಂದರೆ ಇರಬಹುದು. ಹುಟ್ಟಿದ ಎರಡು ದಿನದೊಳಗೆ ಮೊದಲ ಮಲ ಬಂದಿರದೆ ಅಂದಿನಿಂದಲೂ ಹೊಟ್ಟೆ ಉಬ್ಬರವಿದ್ದರೆ ಅದನ್ನು ಬರಿ ಮಲಬದ್ಧತೆ ಎಂದು ಬಿಡಬಾರದು. ಆರು ತಿಂಗಳು ಒಣಗಿಯೇ ಇದ್ದ ಮಗು ಮತ್ತೆ ಒದ್ದೆ ಮಾಡತೊಡಗಿ, ವಿಪರೀತ ಬಾಯಾರಿಕೆಯಿಂದ ಸೊರಗುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷಿಸಬೇಕು. ಮಕ್ಕಳಿಗೂ ಮಧುಮೇಹ ಬರುತ್ತದೆ. ನಾಲ್ಕು ವರ್ಷ ತುಂಬಿದರೂ ಹಗಲಿನ ಹತೋಟಿ ಬಾರದಿದ್ದರೂ ಒಮ್ಮೆ ತೋರಿಸಿ. ನಡೆ, ಮಾತು ಎಲ್ಲವೂ ತಡವಾಗಿರುವ ಮಕ್ಕಳಿಗೆ ಇದೂ ತಡವೇ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೆ ಮುಂದಿನ ತಪಾಸಣೆಗೆ ಕಳುಹಿಸುತ್ತಾರೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವಿದೆ. ಹೋಗುವ ಮುನ್ನ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಮೂತ್ರ ಮಾಡಿತು, ಎಷ್ಟು ಸಲ ಚಡ್ಡಿ ಒದ್ದೆಯಾಯಿತು, ಮಲ ಯಾವ ದಿನ ಬಂತು, ಹಿಕ್ಕೆಯಂತಿತ್ತೋ ಮೆತ್ತಗಿತ್ತೋ, ಎಷ್ಟು ಲೋಟ ನೀರು, ಎಷ್ಟು ಹಾಲು ಕುಡಿಯಿತು. ಓದು ಬಾರದ ಮನೆಯಲ್ಲಿ ಗೆರೆ ಎಳೆದರೂ ನಡೆಯುತ್ತದೆ. ವೈದ್ಯರು ಮೊದಲು ಕೇಳುವುದು ಇದನ್ನೇ.